ಮಾದಪ್ಪನ ಪರ, ಸರ್ಕಾರದ ರೂಮು

ತಿಗನಾರೆಯ ಶಾಲೆಯಲ್ಲಿ ಮಧ್ಯಾಹ್ನದ ಊಟ ಬೇಯಿಸುತ್ತಿದ್ದ ಪುಟ್ಟನಂಜಮ್ಮನಿಗೆ ಒಂದು ಚಾಳಿಯಿತ್ತು. ಎದುರಿಗೆ ಯಾರೇ ಬರಲಿ, ಅವಳ ಕಣ್ಣು ಮೊದಲು ಹೋಗುವುದು ಅವರ ಹೊಟ್ಟೆಯ ಕಡೆಗೆ. ಮುಖ ಆಮೇಲೆ. ಉಂಡ ಹೊಟ್ಟೆಯೋ ಉಪವಾಸದ ಹೊಟ್ಟೆಯೋ ಎಂದು ಅಂಗಿಯ ಮೇಲಿಂದಲೇ ಹೇಳಿಬಿಡುತ್ತಿದ್ದಳು. ತನಿಖೆಗೆ ಬಂದ ಅಧಿಕಾರಿಗಳನ್ನೂ ಬಿಟ್ಟವಳಲ್ಲ. ಸತ್ಯಮಂಗಲದಿಂದ ದಿಂಬಂ ಘಾಟಿಯ ತಿರುವುಗಳನ್ನೆಲ್ಲ ಸುತ್ತಿ, ವಾಕರಿಕೆಯ ಮುಖ ಮಾಡಿಕೊಂಡು ಬಂದ ಒಬ್ಬ ಅಧಿಕಾರಿ ರಿಜಿಸ್ಟರ್ ಕೇಳಿದ್ದಕ್ಕೆ, ಇವಳು ಒಂದು ಲೋಟ ಮೆಣಸಿನ ಸಾರು ಕೊಟ್ಟು, ಆತ ಅದನ್ನು ಕುಡಿದು ಮುಗಿಸುವ ತನಕ ರಿಜಿಸ್ಟರನ್ನು ಬೆನ್ನ ಹಿಂದೆ ಹಿಡಿದುಕೊಂಡು ನಿಂತಿದ್ದಳು.

ಹುಟ್ಟಿದ ಊರು ಗೆಟ್ಟವಾಡಿ. ಹದಿನಾರಕ್ಕೆ ಗುರುಮಲ್ಲಪ್ಪನ ಹೆಂಡತಿಯಾಗಿ ತಿಗನಾರೆಗೆ ಬಂದಳು. ಗುರುಮಲ್ಲಪ್ಪ ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಅದರಲ್ಲಿ ಆರು ಎತ್ತುಗಳಿಗೆ. ಹಾಗಾಗಿ ಆ ಮನೆಯಲ್ಲಿ ಇಬ್ಬರ ಪಾಲಿನ ಮಾತನ್ನೂ ಇವಳೇ ಆಡಿ ಮುಗಿಸಬೇಕಿತ್ತು. ಮಕ್ಕಳಿಗೆ ಮಧ್ಯಾಹ್ನದ ಊಟ ಹಾಕುವ ಏರ್ಪಾಡು ಬಂದಾಗ ಹೆಡ್ಮಾಸ್ಟರ್ ಗುರುಸ್ವಾಮಿ ಎಂಬತ್ತು ಮಕ್ಕಳಿಗೆ ಬೇಯಿಸುವವರು ಯಾರಿದ್ದಾರೆ ಎಂದು ಊರೆಲ್ಲ ವಿಚಾರಿಸಿದರು. ಮದುವೆ ಮನೆಗಳಲ್ಲಿ ಮುದ್ದೆ ತೊಳಸಿ ತೊಳಸಿ ಗಟ್ಟಿಯಾದ ತನ್ನ ತೋಳು ತೋರಿಸಿ, ಎಂಬತ್ತು ಚಿಳ್ಳೆಪಿಳ್ಳೆ ಯಾವ ಮಾತು ಸಾರ್ ಅಂದಳು. ಕೆಲಸ ಸಿಕ್ಕಿತು. ಊರಿನ ಮಾತು ಕನ್ನಡವಾದರೂ ಸರ್ಕಾರ ತಮಿಳುನಾಡಿನದು, ಹಾಗಾಗಿ ಆಫೀಸಿಗೆ ಬೇಕಾಗುವಷ್ಟು ತಮಿಳನ್ನೂ ಕಲಿತಳು. ಅರಿಸಿ, ಪರುಪ್ಪು, ವಿರಗು ಅಂದರೆ ಅಕ್ಕಿ, ಬೇಳೆ, ಸೌದೆ. ಇನ್ನೊಂದು, ಅವಳು ಕಲಿಯದೆಯೇ ಬಾಯಿಗೆ ಬಂದದ್ದು, ‘ನಾಳೈಕ್ಕು ವಾ’. ನಾಳೆ ಬಾ. ಆಫೀಸಿನವರು ಅವಳಿಗೆ ಹೆಚ್ಚಾಗಿ ಹೇಳುತ್ತಿದ್ದ ಮಾತು ಅದೇ.

ಊಟ ಶುರುವಾದ ಮೂರನೆಯ ವರ್ಷ, ಕಾರ್ತಿಕದಲ್ಲಿ, ಸಮುದ್ರದಿಂದ ದೊಡ್ಡ ಬಿರುಗಾಳಿ ಎದ್ದಿದೆ ಎಂದು ರೇಡಿಯೊ ಹೇಳಿತು. ತಾಳವಾಡಿ ಬೆಟ್ಟದವರಿಗೆ ಸಮುದ್ರವೆಂದರೆ ಕ್ಯಾಲೆಂಡರಿನಲ್ಲಿ ವಿಷ್ಣು ಮಲಗಿರುವ ಜಾಗ. ಆದರೂ ಈ ಸಲದ ಗಾಳಿ ನೆಲಕ್ಕೆ ಬಂದ ಮೇಲೂ ಸಾಯದೆ ಬೆಟ್ಟ ಹತ್ತಬಹುದೆಂದು ಮೇಲಿನವರಿಗೆ ಅನುಮಾನ ಬಂದಿತ್ತು. ಸರ್ಕಾರ ಇದ್ದಕ್ಕಿದ್ದಂತೆ ಎಚ್ಚೆತ್ತುಕೊಂಡಿತು. ಘಾಟಿಯಲ್ಲಿ ಲಾರಿಗಳನ್ನು ನಿಲ್ಲಿಸಿದರು. ರಸ್ತೆಗೆ ಬಾಗಿದ ಮರಗಳನ್ನು ಮೊದಲೇ ಕಡಿದುಹಾಕಲು ಕಾಡಿನ ಜನರಲ್ಲಿ ಗಟ್ಟಿಮುಟ್ಟಾದ ಗಂಡಸರನ್ನು ಗರಗಸ ಕೊಟ್ಟು ಕರೆದುಕೊಂಡು ಹೋದರು. ನರ್ಸಮ್ಮ ಔಷಧಿ ಪೆಟ್ಟಿಗೆ ತಂದಿಟ್ಟು ಹೋದಳು. ರೆವಿನ್ಯೂ ಇನ್ಸ್‌ಪೆಕ್ಟರು, ಎಲ್ಲರ ಬಾಯಲ್ಲಿ ಆರ್ಐ, ಒಂದು ಜೀಪಿನಲ್ಲಿ ಮೂರು ಮೂಟೆ ಅಕ್ಕಿ, ಒಂದು ಟಿನ್ ಸೀಮೆಎಣ್ಣೆ, ನಾಲ್ಕು ಲಾಂದ್ರ, ಹಗ್ಗ, ಒಂದು ಕಟ್ಟು ಕಂಬಳಿ ಹೇರಿಕೊಂಡು ಬಂದು ತಿಗನಾರೆಯ ಶಾಲೆಯಲ್ಲಿ ಇಳಿಸಿದರು. ಬಯಲುಸೀಮೆಯ ಮನುಷ್ಯ, ಎರಡು ಸ್ವೆಟರ್ ಹಾಕಿದ್ದರೂ ಕೈ ಉಜ್ಜಿಕೊಳ್ಳುತ್ತಲೇ ಇದ್ದರು. ಗುಡಿಸಲಿನವರೆಲ್ಲ ಮರುದಿನ ಸಂಜೆಯೊಳಗೆ ಶಾಲೆಗೆ ಬಂದು ಸೇರಬೇಕು, ಗಂಜಿ ಸರ್ಕಾರದ್ದು, ಹೆಸರು ರಿಜಿಸ್ಟರಿಗೆ. ಅಷ್ಟು ಆಜ್ಞೆ.

ಅದನ್ನು ಡಂಗುರ ಸಾರಿದವನು ತಲಯಾರಿ ಬಸವಣ್ಣ. ಊರೊಳಗೆ ಸರ್ಕಾರದ ಕೈಕಾಲು ಅವನೇ. ಸರ್ಕಾರದ ಮೊಹರು ಬಿದ್ದ ಕಾಗದದಲ್ಲಿ ಒಂದಕ್ಷರ ಬಿಟ್ಟರೂ ಕೆಲಸ ಹೋಗುತ್ತದೆಂದು ನಂಬಿದವನು. ಆ ಕಾಗದವೋ ಕಡಲ ತೀರದಿಂದ ಹಿಡಿದು ಬೆಟ್ಟದ ತುದಿಯವರೆಗೆ ಎಲ್ಲರಿಗೂ ಸೇರಿಸಿ ಅಚ್ಚುಹಾಕಿಸಿದ್ದು. ಬಸವಣ್ಣ ಊರ ನಡುವೆ ನಿಂತು ತಮಿಳಿನಿಂದ ಕನ್ನಡಕ್ಕೆ ಒಂದೊಂದೇ ಸಾಲು ತಂದು ಕೂಗಿದ. ಮೀನು ಹಿಡಿಯುವವರು ಯಾರೂ ಸಮುದ್ರಕ್ಕೆ ಇಳಿಯಕೂಡದು. ದೋಣಿಗಳನ್ನು ಮೇಲಕ್ಕೆಳೆದು ಭದ್ರವಾಗಿ ಕಟ್ಟಿಹಾಕತಕ್ಕದ್ದು.

ಜಗಲಿಯ ಮೇಲೆ ಕೂತ ಯಜಮಾನ ಚಿಕ್ಕಬಸಪ್ಪ ಎಲೆಅಡಿಕೆ ಉಗಿದು ಕೇಳಿದ, “ಲೋ ಬಸವ, ನನ್ನ ದೋಣಿ ಒಲದಲ್ಲದ ಕಣ್ಲಾ. ಅವರೆ ಸಾಲ್ಗ ಕಟ್ಲಾ, ಆಲದ ಮರಕ್ಕ ಕಟ್ಲಾ?”

ಲಿಂಗ ಕಟ್ಟಿದವರ ಬೀದಿಗೆ ಮೀನಿನ ಮಾತು ತಂದದ್ದಕ್ಕೆ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಕೊನೆಯ ಸಾಲು, ಗುಡಿಸಲಿನವರು ಶಾಲೆಗೆ ಬನ್ನಿ ಅನ್ನುವುದು, ಆ ನಗೆಯಲ್ಲಿ ಮುಳುಗಿಹೋಯಿತು.

ಪುಟ್ಟನಂಜಮ್ಮ ಮಾತ್ರ ಅದನ್ನು ಕೇಳಿಸಿಕೊಂಡಳು. ಕೇಳಿಸಿಕೊಂಡ ತಕ್ಷಣ ಅವಳ ಮನಸ್ಸು ಹೋದದ್ದು ಬೊಮ್ಮಿಯ ಮಗುವಿನ ಕಡೆಗೆ.

ಊರ ಮೇಲೆ, ಕಾಡಿನಂಚಿಗೆ, ಕಾಡಿನ ಜನರ ಪೋಡು ಇತ್ತು. ಹದಿನೇಳು ಗುಡಿಸಲುಗಳ ಹಾಡಿ. ಅಲ್ಲಿನ ಜಡೆಯಮ್ಮನ ಸೊಸೆ ಬೊಮ್ಮಿ ಹೆತ್ತು ಒಂಬತ್ತು ದಿನವಾಗಿತ್ತು. ಚೊಚ್ಚಲು. ಅವರ ಕುಲದಲ್ಲಿ ಬಾಣಂತಿ ಹದಿನೈದು ದಿನ ಬೇರೆ ಗುಡಿಸಲಲ್ಲಿ ಇರಬೇಕು. ಆ ಗುಡಿಸಲಿದ್ದದ್ದು ಒಂದು ಮುದಿ ಹುಣಸೆಮರದ ಕೆಳಗೆ. ಎರಡು ದಿನದ ಹಿಂದೆ ಪುಟ್ಟನಂಜಮ್ಮ ಬೆಳ್ಳುಳ್ಳಿ ಕೊಟ್ಟುಬರಲು ಹೋಗಿದ್ದಳು. ಹುಲ್ಲಿನ ಸೂರಿನಲ್ಲಿ ಬೆಳಕು ಚುಕ್ಕೆ ಚುಕ್ಕೆಯಾಗಿ ಕಾಣುತ್ತಿತ್ತು. ಬೆಳಕು ಬರುವ ಕಡೆ ಗಾಳಿ ಬಾರದೆ ಇರುತ್ತದೆಯೇ? ಹಳೆ ಪಂಚೆಯಲ್ಲಿ ಸುತ್ತಿದ ಮಗು ಅಂಗೈ ಅಗಲದ ಮುಖ ಮಾಡಿ ಮಲಗಿತ್ತು. ಇನ್ನೂ ಕೂಡದ ನೆತ್ತಿ ಉಸಿರಿನ ಜೊತೆ ಮಿಡಿಯುತ್ತಿತ್ತು, ಕಿವಿಗೆ ಹತ್ತಿಯಿಲ್ಲ, ತಲೆಗೆ ಕುಲಾವಿಯಿಲ್ಲ. ಅದರ ಅಪ್ಪ ಚಿಕ್ಕಣ್ಣನನ್ನೂ ಗರಗಸ ಕೊಟ್ಟು ಘಾಟಿಗೆ ಕರೆದುಕೊಂಡು ಹೋಗಿದ್ದರು.

ಮರುದಿನ ಬೆಳಗಾಗುತ್ತಲೇ ಪೋಡಿಗೆ ಹತ್ತಿದಳು. ಆಕಾಶ ಬೂದಿ ಬಳಿದಂತಿತ್ತು. ಗಾಳಿ ಒಂದಿಷ್ಟೂ ಇಲ್ಲ. ಅದೇ ಅವಳಿಗೆ ಸರಿಬರಲಿಲ್ಲ. ಜಡೆಯಮ್ಮ ರಾಗಿ ಕೇರುತ್ತಿದ್ದಳು. ಅರವತ್ತು ದಾಟಿದ, ಒಣ ಸೌದೆಯಂಥ ಹೆಂಗಸು. ಪುಟ್ಟನಂಜಮ್ಮ ಎಲ್ಲ ಹೇಳುವ ತನಕ ಮೊರ ನಿಲ್ಲಿಸಲಿಲ್ಲ. ಆಮೇಲೆ ಹೇಳಿದಳು.

“ನಾ ಇಷ್ಟುದ್ದ ಇದ್ದಾಗ ಬರ ಬಂದಿತ್ತು. ನಮ್ಮವ್ವ ಕುಡಿಕ ಇಡ್ಕಂಡು ಗಂಜಿ ಸಾಲಲ್ಲಿ ನಿಂತಿದ್ದಳು. ಸಾಯಗಂಟ ಅದ ಏಳಿ ಏಳಿ ಅತ್ತಳು. ನನ್ನ ಸೊಸ ನಿಂತ್ಕಬಾರ್ದು ಕಣವ್ವ.”

“ಗಂಜಿ ಯಾರು ಏಳುದ್ರು ಜಡೆಯಕ್ಕ? ನಾ ಏಳ್ತಿರದು ಗ್ವಾಡೆಯ. ನಾಕು ಕಲ್ಲು ಗ್ವಾಡೆ, ಮೇಲೊಂದು ಎಂಚು.”

“ಗ್ವಾಡೆ ಕೊಟ್ಟೋರು ಗಂಜಿನೂ ಕುಡುಸ್ತಾರ,” ಎಂದು ಜಡೆಯಮ್ಮ ಮತ್ತೆ ಮೊರ ಎತ್ತಿಕೊಂಡಳು.

ಪುಟ್ಟನಂಜಮ್ಮ ಇಳಿದು ಬರುವಾಗ ಕೆಳಬೀದಿಯ ಗುಡಿಸಲುಗಳನ್ನೂ ವಿಚಾರಿಸಿದಳು. ಅಲ್ಲಿಯೂ ಅದೇ ರಾಗ. ಗಂಜಿ ಕುಡಿಯಲು ಹೋದವರು ಅನ್ನಿಸಿಕೊಂಡ ಮನೆಯ ಹೆಣ್ಣು ಯಾರು ತರುತ್ತಾರೆ, ಗಂಡು ಯಾರು ಕೊಡುತ್ತಾರೆ? ಶಾಲೆಯಲ್ಲಿ ಆರ್ಐ ಹೊಸ ರಿಜಿಸ್ಟರ್ ಬಿಚ್ಚಿ, ಪೆನ್ನಿನ ಮುಚ್ಚಳ ತೆಗೆದು, ಹನ್ನೊಂದು ಗಂಟೆಯವರೆಗೆ ಕಾದರು. ಒಂದು ನಾಯಿ ಬಂದು ನೋಡಿಕೊಂಡು ಹೋಯಿತು.

ಮನೆಮಂದಿಯನ್ನೆಲ್ಲ ಮರ್ಯಾದೆಯಿಂದ ಮನೆಯಾಚೆ ತರುವುದು ಹೇಗೆ? ಇದಕ್ಕೆ ದಾರಿ ಪುಟ್ಟನಂಜಮ್ಮನಿಗೆ ಹೊಳೆದದ್ದು ಸೌದೆ ಸೀಳುವಾಗ. ಕೊಡಲಿ ಅಲ್ಲೇ ಬಿಟ್ಟು ಚಿಕ್ಕಬಸಪ್ಪನ ಜಗಲಿಗೆ ಹೋದಳು.

ಆ ಕಡೆ ಮಲೆಯ ಮಾದಪ್ಪನ ಹೆಸರಲ್ಲಿ ಪರ ಮಾಡುವುದುಂಟು. ಏನೋ ಹರಕೆ ಹೊತ್ತು ಊರೆಲ್ಲ ಸೇರಿ ಒಂದೇ ಕಡೆ ಬೇಯಿಸಿ ಉಣ್ಣುವುದು. ಪ್ರತಿ ಮನೆಯೂ ಕೈಲಾದಷ್ಟು ತಂದು ಸುರಿಯಬೇಕು. ಆ ದಿನ ಊರಿನ ಒಲೆಗಳಿಗೆಲ್ಲ ರಜ. ಪರಕ್ಕೆ ಬಾ ಅಂದರೆ ಬರುವುದಿಲ್ಲ ಅನ್ನುವವನು ಆ ಬೆಟ್ಟದಲ್ಲಿ ಹುಟ್ಟಿರಲಿಲ್ಲ. ಉಂಡವನಿಗೆ ಅವಮಾನವಿಲ್ಲ, ಉಣ್ಣದವನಿಗೇ ಅವಮಾನ.

ಪುಟ್ಟನಂಜಮ್ಮ ಸೆರಗು ತಲೆಗೆಳೆದುಕೊಂಡು ಹೇಳಿದ್ದನ್ನು ಕೇಳಿ ಚಿಕ್ಕಬಸಪ್ಪ ಬಹಳ ಹೊತ್ತು ಕೆಮ್ಮಿದ.

“ಸರ್ಕಾರದ ಅಕ್ಕೀಲಿ ಪರವ? ಮಾದಪ್ಪ ರೇಷನ್ ಕಾರ್ಡ ತಂದನ ತಾಯಿ?”

“ಮನಗೊಂದು ಸೇರು ನೀವೂ ಆಕುದ್ರ ಅದು ಯಾರ ಅಕ್ಕಿ ಆದದು ಮಾವ?” ಅಂದಳು ಪುಟ್ಟನಂಜಮ್ಮ. “ಗಾಳಿ ನಮ್ಮೂರ ಮಕ್ಳ ಮುಟ್ದೆ ಓಗ್ಲಿ ಅಂತ ಅರಕ ಕಟ್ಕಂಡ್ರ ಮಾದಪ್ಪ ಬ್ಯಾಡ ಅಂದನ?”

ಮಾದಪ್ಪ ಬೇಡ ಅನ್ನುತ್ತಾನೆ ಎಂದು ಹೇಳುವ ಧೈರ್ಯ ಚಿಕ್ಕಬಸಪ್ಪನಿಗೆ ಇರಲಿಲ್ಲ. ಆರ್ಐಯನ್ನು ಒಪ್ಪಿಸುವುದು ಇನ್ನೂ ಸುಲಭವಾಯಿತು. ಅಕ್ಕಿ ಇರುವುದು ಬಿರುಗಾಳಿ ಬಂದ ಮೇಲೆ ಬೇಯಿಸಲು ಎಂದು ಆತ ಮೊದಲು ತಮಿಳಿನಲ್ಲಿ ಕಾನೂನು ಹೇಳಿದರು. ಪುಟ್ಟನಂಜಮ್ಮ ಗೇಟಿನ ಕಡೆ ನೋಡಿದಳು, ಅವರೂ ನೋಡಿದರು. ಯಾರೂ ಇರಲಿಲ್ಲ. ಸಂಜೆ ಮೇಲಿನವರಿಗೆ ಎಷ್ಟು ಜನ ಎಂದು ತಿಳಿಸಬೇಕಿತ್ತು. ಅವರು ಪೆನ್ನಿನ ಮುಚ್ಚಳ ಹಾಕಿ, ಮೂಟೆ ಬಿಚ್ಚು ಅಂದರು.

ಬಸವಣ್ಣ ಎರಡನೆಯ ಸಲ, ಶಾಲೆಯಲ್ಲಿ ಪರ ಎಂದು ಸಾರಿದಾಗ ಯಾರೂ ನಗಲಿಲ್ಲ. ಒಂದು ಗಂಟೆಯೊಳಗೆ ಶಾಲೆಯ ಅಂಗಳ ತುಂಬಿತು. ಕೆಳಬೀದಿಯವರು ಕುಂಬಳಕಾಯಿ ತಂದರು, ಜಗಲಿ ಮನೆಗಳವರು ಅವರೆಕಾಯಿ, ತುಪ್ಪ ತಂದರು. ಪೋಡಿನವರು ತಮ್ಮ ಯಜಮಾನ ಚಿಕ್ಕಬೊಮ್ಮನ ಹಿಂದೆ ಸಾಲಾಗಿ ಇಳಿದು, ಒಂದು ಮಡಕೆ ಜೇನು ಇಟ್ಟು, ಎಂದಿನಂತೆ ದೂರದಲ್ಲಿ ಕೂತರು. ಆಗಲೇ ಗಾಳಿ ಶುರುವಾಗಿತ್ತು. ಒಂದು ಸಲ ಬೀಸಿ, ನಿಂತು, ಯೋಚನೆ ಮಾಡಿ, ಮತ್ತೆ ಬೀಸುತ್ತಿತ್ತು.

ದೊಡ್ಡ ಹಂಡೆಯಲ್ಲಿ ಸಾರು ಕುದಿಯುತ್ತಿರುವಾಗ ಪುಟ್ಟನಂಜಮ್ಮ ಸೌಟು ಹಿಡಿದೇ ಪೋಡಿನವರ ತಲೆ ಎಣಿಸಿದಳು. ಜಡೆಯಮ್ಮ ಇದ್ದಳು. ಬೊಮ್ಮಿ ಇರಲಿಲ್ಲ.

ಬೊಮ್ಮಿ ಎಲ್ಲಿ ಎಂದು ಕೇಳಿದ್ದಕ್ಕೆ ಜಡೆಯಮ್ಮ ಇವಳನ್ನೇ ವಿಚಿತ್ರವಾಗಿ ನೋಡಿದಳು. ಪರಕ್ಕೆ ಬಾಣಂತಿಯನ್ನು ಯಾರು ತರುತ್ತಾರೆ? ಮೈಲಿಗೆಯಲ್ಲವೇ? ತಾನು ರಾಗಿ ಸುರಿದು ಕೈಮುಗಿದು ಹೋಗಲು ಬಂದವಳು, ಈಗಲೇ ಹೊರಟೆ ಎಂದಳು.

ಪರದ ಮನೆಗೆ ಸೂತಕ ಸೇರದು ಅನ್ನುವುದು ಪುಟ್ಟನಂಜಮ್ಮನಿಗೆ ಹುಟ್ಟಿದಂದಿನಿಂದ ಗೊತ್ತು. ಗೊತ್ತಿದ್ದೂ ಮರೆತಿದ್ದಳು. ಯಾವ ಮಗುವಿಗಾಗಿ ಊರನ್ನೆಲ್ಲ ಎಬ್ಬಿಸಿದಳೋ ಆ ಮಗುವಿಗೇ ಬಾಗಿಲು ಹಾಕಿದ್ದಳು. ಅಷ್ಟೇ ಅಲ್ಲ, ಅಕ್ಕಪಕ್ಕದ ಗುಡಿಸಲುಗಳನ್ನೆಲ್ಲ ಖಾಲಿ ಮಾಡಿಸಿದ್ದಳು. ಈಗ ಆ ಪೋಡಿನಲ್ಲಿ ಹತ್ತು ದಿನದ ಬಾಣಂತಿಯ ಕೂಗು ಕೇಳಲು ಒಂದು ಕೋಳಿಯೂ ಇರಲಿಲ್ಲ.

ಸಾರನ್ನು ಓರಗಿತ್ತಿ ಮಂಗಳಮ್ಮನಿಗೆ ಒಪ್ಪಿಸಿ, ಆರ್ಐಯ ಕಟ್ಟಿನಿಂದ ಎರಡು ಕಂಬಳಿ ಎಳೆದುಕೊಂಡು ಹೊರಟಳು. ಜಡೆಯಮ್ಮ ಹಿಂದೆ. ದಾರಿಯಲ್ಲಿ ಗಾಳಿ ಸೀರೆಯನ್ನು ಕಾಲಿಗೆ ಸುತ್ತಿ ಎರಡು ಸಲ ಬೀಳಿಸಿತು. ಗುಡಿಸಲಿಗೆ ಬಂದಾಗ ಬೊಮ್ಮಿ ಮಗುವನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡು, ಒಂದು ಕೈಯಲ್ಲಿ ಬಾಗಿಲ ತಟ್ಟಿ ಹಿಡಿದು ಕೂತಿದ್ದಳು. ಹತ್ತೊಂಬತ್ತರ ಹುಡುಗಿ. ಅಳುತ್ತಿರಲಿಲ್ಲ. ಬಾಗಿಲು ಹಿಡಿಯುವುದೋ ಮಗು ಹಿಡಿಯುವುದೋ ತಿಳಿಯದೆ ತುಟಿ ಕಚ್ಚಿಕೊಂಡಿದ್ದಳು. ಮೇಲೆ ಹುಣಸೆಮರ ಮುರುಕು ಮಂಚದ ಹಾಗೆ ಕಿರುಗುಟ್ಟುತ್ತಿತ್ತು.

ಪುಟ್ಟನಂಜಮ್ಮ ಒಳಗೆ ಹೋಗಲಿಲ್ಲ. ಬಾಗಿಲಲ್ಲೇ ಜಡೆಯಮ್ಮನ ಕಡೆ ತಿರುಗಿದಳು. ಜೀವಮಾನದಲ್ಲಿ ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದು ಅದೊಂದೇ ಸಲವಂತೆ.

“ತಪ್ಪು ನಂದು ಜಡೆಯಕ್ಕ. ಬುದ್ಧಿವಂತಿಕ ಮಾಡಕ್ಕೋಗಿ ಊರ್ನೆಲ್ಲ ಕರದು ಇವಳೊಬ್ಬಳ್ನ ಬುಟ್ಟೆ. ಇವಳು ಪರನೂ ಉಣ್ಬ್ಯಾಡ, ಗಂಜಿನೂ ಕುಡೀಬ್ಯಾಡ. ಬಾಣಂತಿ ಸಾರು ನಮ್ಮನಿಂದ ಮಾಡ್ಕ ತತ್ತೀನಿ. ನಮ್ಮನದ ಉಂಡ್ರ ನಿಂಗ ಅವಮಾನವ?”

ಜಡೆಯಮ್ಮ ಮರವನ್ನು ನೋಡಿದಳು. ಮಗುವನ್ನು ನೋಡಿದಳು. ಒಳಗೆ ಹೋಗಿ, ಬಾಣಂತಿಯ ಅಗ್ಗಿಷ್ಟಿಕೆಯಿಂದ ಕೆಂಡ ಬಾಚಿ ಒಂದು ಕುಡಿಕೆಗೆ ತುಂಬಿ, ಮೇಲೆ ಬೂದಿ ಮುಚ್ಚಿದಳು.

“ಬೆಂಕಿ ನಮ್ಮದೇ ಇರ್ಲಿ,” ಅಂದಳು.

ಹೀಗೆ ಇಳಿದರು. ಮುಂದೆ ಜಡೆಯಮ್ಮ ಕೆಂಡದ ಕುಡಿಕೆಯನ್ನು ಗಾಳಿಗೆ ಬೆನ್ನು ಕೊಟ್ಟು ಹೊತ್ತುಕೊಂಡು, ಅರ್ಧ ದಾರಿ ಹಿಂದು ಹಿಂದಕ್ಕೆ ನಡೆಯುತ್ತ. ನಡುವೆ ಬೊಮ್ಮಿ. ಕೊನೆಗೆ ಪುಟ್ಟನಂಜಮ್ಮ, ರವಿಕೆಗೆ ಒತ್ತಿ ಸೆರಗು ಸುತ್ತಿ ಅದರ ಮೇಲೆ ಕಂಬಳಿ ಸುತ್ತಿದ ಮಗುವಿನೊಂದಿಗೆ. ಹತ್ತು ಹೆಜ್ಜೆಗೊಮ್ಮೆ ನಿಂತು ಕಂಬಳಿಯೊಳಗೆ ಮೂಗು ತೂರಿಸಿ ಉಸಿರಿದೆಯೇ ಎಂದು ನೋಡುತ್ತಿದ್ದಳು. ಪ್ರತಿ ಸಲವೂ ಇತ್ತು. ಆದರೂ ನೋಡುತ್ತಿದ್ದಳು. ಬೊಮ್ಮಿ ಕೊನೆಗೆ ಹೇಳಿಯೇ ಬಿಟ್ಟಳು, ನೀನು ಕಂಬಳಿ ತೆಗೆದು ತೆಗೆದೇ ಅದಕ್ಕೆ ಶೀತ ಆಗುತ್ತದೆ ಕಣವ್ವ ಎಂದು.

ಶಾಲೆಯ ಗೇಟಿನಲ್ಲಿ ಚಿಕ್ಕಬಸಪ್ಪ ಅಡ್ಡ ನಿಂತಿದ್ದ. ಪಕ್ಕದಲ್ಲಿ ಚಿಕ್ಕಬೊಮ್ಮ. ಬೇರೆ ಯಾವುದರಲ್ಲೂ ಒಂದಾಗದ ಎರಡು ಕುಲದ ಯಜಮಾನರು ಇದೊಂದರಲ್ಲಿ ಒಂದಾಗಿದ್ದರು. ಪರದ ಮನೆಗೆ ಬಾಣಂತಿ ಬರಕೂಡದು.

ಪುಟ್ಟನಂಜಮ್ಮ ಮಗುವನ್ನು ಕೆಳಗಿಳಿಸದೆ ಕೈಯಲ್ಲೇ ಗೆರೆ ಎಳೆದು ತೋರಿಸಿದಳು. “ಈ ಕಡ ಎರಡು ರೂಮು ಮಾದಪ್ಪಂದು. ಆ ಕಡ ಮೂರನೇ ಕ್ಲಾಸು ಸರ್ಕಾರದ್ದು. ಅದ್ಕ ಬ್ಯಾರೆ ಬಾಗ್ಲದ. ಸರ್ಕಾರಕ್ಕ ಸೂತಕ ಅದ ಅಂತ ಯಾರಾರು ಕೇಳಿದ್ದರ?”

ಯಾರೂ ಕೇಳಿರಲಿಲ್ಲ. ಇಬ್ಬರು ಯಜಮಾನರೂ ಆರ್ಐಯ ಮುಖ ನೋಡಿದರು. ಆತನಿಗೆ ಕನ್ನಡ ಅರ್ಧ ತಿಳಿಯಿತು. ಸೂತಕ ತಿಳಿಯಲಿಲ್ಲ, ಸರ್ಕಾರ ತಿಳಿಯಿತು. ಅಷ್ಟು ಜನ ಪರಕ್ಕೆ ಬಂದಿದ್ದರೂ ನಿರಾಶ್ರಿತರ ರಿಜಿಸ್ಟರಿಗೆ ಹೆಸರು ಕೊಡಲು ಒಬ್ಬನೂ ಒಪ್ಪಿರಲಿಲ್ಲ. ನಾವು ಮಾದಪ್ಪನ ಕಡೆಯವರು ಅನ್ನುತ್ತಿದ್ದರು. ಆತ ರಿಜಿಸ್ಟರ್ ಹಿಡಿದು ಬೊಮ್ಮಿಯನ್ನು ಮೂರನೇ ಕ್ಲಾಸಿಗೆ ತಾವೇ ಕರೆದುಕೊಂಡು ಹೋದರು. ಹೆಸರು ಬೊಮ್ಮಿ ಎಂದು ಬರೆದುಕೊಂಡರು. ಮಗುವಿಗೆ ಇನ್ನೂ ಹೆಸರಿಟ್ಟಿಲ್ಲವೆಂದು ತಿಳಿದು ‘ಕುಳಂದೈ ಒನ್ರು’, ಅಂದರೆ ಮಗು ಒಂದು, ಎಂದು ಬರೆದು, ಕೆಳಗೆ ದಪ್ಪನಾಗಿ ಗೆರೆ ಎಳೆದರು.

ಮಳೆ ಬಿದ್ದದ್ದು ಆಮೇಲೆ. ಮಳೆಯೆಂದರೆ ಮೇಲಿಂದ ಬೀಳುವುದು. ಇದು ಪಕ್ಕದಿಂದ ಬಂತು. ಅಡುಗೆ ಕೊಟ್ಟಿಗೆಯ ತಗಡು ಎದ್ದು ಗುರುಸ್ವಾಮಿ ಮೇಷ್ಟರ ಸೈಕಲನ್ನು ದಾಟಿ ಹೋಯಿತು. ವರಾಂಡದಲ್ಲಿ ದೂರ ದೂರ ಕೂತಿದ್ದ ಸಾಲುಗಳು ಒಳಕ್ಕೆ ಓಡಿದವು. ಯಾರ ಪಕ್ಕ ಯಾರು ಎಂದು ನೋಡಲು ಯಾರಿಗೂ ಪುರುಸೊತ್ತಾಗಲಿಲ್ಲ. ‘ಉಘೇ ಮಾದಪ್ಪ’ ಅನ್ನುತ್ತ ಉಂಡರು.

ಮೂರನೇ ಕ್ಲಾಸಿನಲ್ಲಿ ಜಡೆಯಮ್ಮ ತನ್ನ ಕೆಂಡ ಊದಿ ಎಬ್ಬಿಸಿದ್ದಳು. ಪುಟ್ಟನಂಜಮ್ಮ ಮಾತಿನಂತೆ ತನ್ನ ಮನೆಯಿಂದ ಬೆಳ್ಳುಳ್ಳಿ ಮೆಣಸಿನ ಸಾರು ತಂದಿದ್ದಳು. ಮಂಗಳಮ್ಮ ಒಣ ಬಟ್ಟೆ ಕೊಡಲು ಬಂದವಳು, ಬಾಗಿಲಲ್ಲೇ ನಿಂತು ಕೊಡುತ್ತೇನೆ ಅಂದಳು. ಕೊಟ್ಟಳು. ಆದರೆ ಬೊಮ್ಮಿ ಮಗುವನ್ನು ಸುತ್ತುತ್ತಿದ್ದ ರೀತಿ ಸರಿಕಾಣದೆ ಒಳಗೆ ಹೋಗಿ ತಾನೇ ಸುತ್ತಿದಳು. ಮುಟ್ಟಿದ್ದಾಯಿತಲ್ಲ, ಇನ್ನು ಮಾದಪ್ಪನ ಕಡೆಗೆ ಹೋಗುವಂತಿಲ್ಲ. ಅಲ್ಲೇ ಕೂತಳು. ಅವಳನ್ನು ಕರೆಯಲು ವಿಶಾಲಾಕ್ಷಮ್ಮ ಬಂದಳು. ಚಿಕ್ಕಬಸಪ್ಪನ ಹೆಂಡತಿ, ಏಳು ಹೆತ್ತವಳು. ಮಗುವಿನ ಹೊಟ್ಟೆ ಉಬ್ಬರಿಸಿದೆ, ಎಣ್ಣೆ ತನ್ನಿ ಅಂದಳು. ಅವಳೂ ಅಲ್ಲೇ ಉಳಿದಳು. ಎಣ್ಣೆ ತಂದವಳು ಉಳಿದಳು. ಹೀಗೆ ಒಬ್ಬೊಬ್ಬರಾಗಿ ದಾಟಿ ದಾಟಿ, ಹೊತ್ತು ಮುಳುಗುವ ಹೊತ್ತಿಗೆ ಊರ ಹೆಂಗಸರಲ್ಲಿ ಅರ್ಧಕ್ಕರ್ಧ ಸರ್ಕಾರದ ಕಡೆಗೆ ಸೇರಿದ್ದರು. ಪರದ ಪಾತ್ರೆ ಬೆಳಗಲು ಗಂಡಸರೇ ಉಳಿದರು. ಗುರುಮಲ್ಲಪ್ಪ ಹಂಡೆ ಉಜ್ಜುತ್ತ ಆ ದಿನದ ಹನ್ನೊಂದನೆಯ ಮಾತು ಆಡಿದನೆಂದು ಹೇಳುತ್ತಾರೆ. ಏನೆಂದು ಯಾರೂ ಹೇಳುವುದಿಲ್ಲ.

ಬೆಳಗಾಗುವಷ್ಟರಲ್ಲಿ ಗಾಳಿ ಬೆಟ್ಟ ದಾಟಿ ಚಾಮರಾಜನಗರದ ಕಡೆಗೆ ಹೋಗಿತ್ತು. ಕೆಳಬೀದಿಯಲ್ಲಿ ಒಂಬತ್ತು ಮನೆಗೆ ಸೂರಿರಲಿಲ್ಲ. ಪೋಡಿಗೆ ಹತ್ತಿ ನೋಡಿಬಂದ ಜಡೆಯಮ್ಮ, ಹುಣಸೆಮರದ ದೊಡ್ಡ ಕೊಂಬೆ ಬಾಣಂತಿಯ ಚಾಪೆಯಿದ್ದ ಜಾಗದಲ್ಲೇ ಮಲಗಿದೆ ಎಂದು ಯಾರಿಗೂ ಹೇಳಲಿಲ್ಲ. ಪುಟ್ಟನಂಜಮ್ಮನ ಪಕ್ಕ ಬಂದು ಕೂತು, ಅವಳ ಕೈಯ ಸೌಟು ಇಸಿದುಕೊಂಡು, ನೀನು ಒಸಿ ಒರಗಿಕೋ ಅಂದಳು, ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಬೊಮ್ಮಿಯ ಗಂಡ ಚಿಕ್ಕಣ್ಣ ಘಾಟಿಯಿಂದ ಓಡುತ್ತ ಬಂದ. ಅವನ ಹೊಟ್ಟೆ ನೋಡಿ ಪುಟ್ಟನಂಜಮ್ಮ ಮೊದಲು ಮುದ್ದೆ ಇಟ್ಟಳು, ಆಮೇಲೆ ಮಗನನ್ನು ತೋರಿಸಿದಳು.

ಗಂಡಸರೆಲ್ಲ ಸೂರು ಸರಿಮಾಡಲು ಹೋದರು. ಆರ್ಐ ಜೀಪು ಹತ್ತುವ ಮುಂಚೆ ಶಾಲೆ ಖಾಲಿ ಮಾಡಿಸಿ ಎಂದರು. ಅದಕ್ಕೆ ಹೆಂಗಸರು ಒಪ್ಪಲಿಲ್ಲ. ಹದಿನೈದು ದಿನ ತುಂಬುವ ತನಕ ಬಾಣಂತಿಯನ್ನು ಜಾಗ ಬಿಟ್ಟು ಜಾಗಕ್ಕೆ ಎಬ್ಬಿಸುತ್ತಾರೆಯೇ? ಒಂದು ಸಲ ಎಬ್ಬಿಸಿದ್ದೇ ಸಾಕು ಎಂದಳು ಜಡೆಯಮ್ಮ. ಹೀಗಾಗಿ ಗುರುಸ್ವಾಮಿ ಮೇಷ್ಟರು ಮೂರನೇ ಕ್ಲಾಸನ್ನು ವರಾಂಡಕ್ಕೆ ತಂದರು. ಮಕ್ಕಳು ದನಿ ಎತ್ತಿದರೆ ಪುಟ್ಟನಂಜಮ್ಮ ಸೌಟು ಹಿಡಿದು ಬರುತ್ತಿದ್ದಳು. ಆ ವಾರ ತಿಗನಾರೆಯ ಮಕ್ಕಳು ಏಳರ ಮಗ್ಗಿಯನ್ನು ಪಿಸುಮಾತಿನಲ್ಲಿ ಕಲಿತರು.